ಟಿಟ್ಟಿಭದ ಕಣ್ಣ ಸುತ್ತ ಕೆಂಪು ಬಂದದ್ದು

ರಾತ್ರಿ ಯಾರಾದರೂ ಒಬ್ಬರು ಎಚ್ಚರವಿದ್ದು ಹಿಡಿದುಕೊಳ್ಳದಿದ್ದರೆ ಆಕಾಶ ಬಿದ್ದುಹೋಗುತ್ತದೆ. ಲೋಕ ಇನ್ನೂ ಹೊಸದಾಗಿದ್ದಾಗ ಎಲ್ಲರೂ ಹೀಗೇ ನಂಬಿದ್ದರು.

ನಂಬಲು ಒಂದು ಕಾರಣವೂ ಇತ್ತು. ಒಂದು ಮಧ್ಯಾಹ್ನ ಆಲಿಕಲ್ಲು ಬಿತ್ತು. ಅದಕ್ಕೆ ಮೊದಲು ಯಾರೂ ಆಲಿಕಲ್ಲು ಕಂಡವರಲ್ಲ. ಒಂದು ಕಲ್ಲು ಆಮೆಯ ಬೆನ್ನ ಮೇಲೆ ಟಣ್ ಎಂದು ಬಿತ್ತು.

"ಆಕಾಶದ ಚೂರು!" ಎಂದು ಆಮೆ ಕೂಗಿತು.

ಎಲ್ಲರೂ ನೋಡಲು ಓಡಿ ಬಂದರು. ಅಷ್ಟರಲ್ಲಿ ಚೂರು ಕರಗಿ ನೀರಾಗಿತ್ತು. ಪರೀಕ್ಷಿಸಲು ಏನೂ ಉಳಿದಿರಲಿಲ್ಲ. ಹಾಗಾಗಿ ಎಲ್ಲರೂ ನಂಬಿದರು.

ಅಂದು ಸಂಜೆ ಕೆರೆಯಂಗಳದಲ್ಲಿ ಸಭೆ ಸೇರಿತು. ಓತಿಕ್ಯಾತ ಯಜಮಾನನಾದ. ಯಾರು ಏನು ಹೇಳಿದರೂ ಅವನು ತಲೆಯಾಡಿಸುತ್ತಿದ್ದ. ಯಜಮಾನಿಕೆಗೆ ಅಷ್ಟು ಸಾಕಾಗಿತ್ತು. ಸಭೆಯಲ್ಲಿ ಒಂದು ಕಟ್ಟಳೆ ಆಯಿತು. ದಿನಕ್ಕೊಬ್ಬರಂತೆ ಕೆರೆಯಂಗಳದಲ್ಲಿ ಅಂಗಾತ ಮಲಗಬೇಕು. ಕಾಲನ್ನು ಆಕಾಶಕ್ಕೆ ಎತ್ತಿ ಹಿಡಿಯಬೇಕು. ಬೆಳಗಾಗುವವರೆಗೆ ಕಣ್ಣು ಮುಚ್ಚಬಾರದು. ಮರುದಿನ ಹಗಲೆಲ್ಲ ಮಲಗಬಹುದು.

ಕೆಲವು ಕಾಲ ಹಾಗೇ ನಡೆಯಿತು. ಆಕಾಶ ಬೀಳಲಿಲ್ಲ. ಕಟ್ಟಳೆ ಸರಿಯಾಗಿದೆ ಎನ್ನುವುದಕ್ಕೆ ಇದೇ ಸಾಕ್ಷಿ ಎಂದು ಆಮೆ ಹೇಳಿತು. ಓತಿಕ್ಯಾತ ತಲೆಯಾಡಿಸಿದ.

ಬೇಸಿಗೆ ಬಂತು. ಸರದಿ ಟಿಟ್ಟವ್ವನದಾಯಿತು.

ಟಿಟ್ಟವ್ವ ಎಂದರೆ ಟಿಟ್ಟಿಭ ಹಕ್ಕಿ. ಕಂದು ರೆಕ್ಕೆ, ಕಪ್ಪು ಎದೆ, ಉದ್ದನೆಯ ಹಳದಿ ಕಾಲು. ಕಣ್ಣ ಸುತ್ತ ಆಗ ಕೆಂಪಿರಲಿಲ್ಲ. ಅವಳ ಗಂಡ ಟಿಟ್ಟಪ್ಪ. ಕೆರೆಯಂಗಳದ ಬರಿನೆಲದಲ್ಲಿ ಒಂದು ಸಣ್ಣ ಗುಳಿ ಮಾಡಿ ಅವಳು ನಾಲ್ಕು ಮೊಟ್ಟೆ ಇಟ್ಟಿದ್ದಳು. ಆಗ ಟಿಟ್ಟಿಭದ ಮೊಟ್ಟೆ ಹಾಲಿನಂತೆ ಬೆಳ್ಳಗಿರುತ್ತಿತ್ತು.

ಆ ರಾತ್ರಿ ಟಿಟ್ಟವ್ವ ಕಾಲೆತ್ತಿ ಮಲಗಿ ಆಕಾಶ ಹಿಡಿದಳು. ಬೆಳಿಗ್ಗೆ ಎಲ್ಲರೂ ಬಂದು ನೋಡಿದರು.

"ಎಂಥಾ ಕಾಲು ತಾಯಿ ನಿಂದು!" ಎಂದಿತು ಮೊಲ. "ದೇವರು ಇದಕ್ಕೇ ಅಂತ ಕೊಟ್ಟಂಗಿದೆ."

"ನಾನು ಇಷ್ಟು ರಾತ್ರಿ ನೋಡಿದೀನಿ. ಆಕಾಶ ಇಷ್ಟು ಗಟ್ಟಿಯಾಗಿ ನಿಂತಿದ್ದು ಇವತ್ತೇ," ಎಂದಿತು ಕೊಕ್ಕರೆ.

ಮರುರಾತ್ರಿ ಮೊಲದ ಸರದಿ. ಮೊಲ ಬರಲಿಲ್ಲ. ಅದರ ಮರುರಾತ್ರಿ ಕೊಕ್ಕರೆಯ ಸರದಿ. ಕೊಕ್ಕರೆಯೂ ಬರಲಿಲ್ಲ. ಎರಡು ರಾತ್ರಿಯೂ ಟಿಟ್ಟವ್ವನೇ ಹೋಗಿ ಕಾಲೆತ್ತಿದಳು. ನಾಲ್ಕನೆಯ ದಿನ ಸರದಿ ಯಾರದು ಎಂದು ಯಾರೂ ಕೇಳಲಿಲ್ಲ. ಹೊಗಳುವುದಕ್ಕೆ ಮಾತ್ರ ಪ್ರತಿ ಬೆಳಿಗ್ಗೆ ಬರುತ್ತಿದ್ದರು.

"ಸಾಕು ಬಿಡೇ," ಎಂದ ಟಿಟ್ಟಪ್ಪ. "ನಿಂಗೆ ನಾಲ್ಕು ಮೊಟ್ಟೆ ಇದಾವೆ."

"ಆಕಾಶ ಬಿದ್ರೆ ಮೊಟ್ಟೆ ಉಳಿಯುತ್ತಾ? ಅವಕ್ಕೋಸ್ಕರ ತಾನೇ ನಾನು ಹೋಗ್ತಿರೋದು? ನೀವು ರಾತ್ರಿ ಮೊಟ್ಟೆ ನೋಡ್ಕೊಳ್ಳಿ. ಹಗಲು ನಾನು ನೋಡ್ಕೋತೀನಿ."

ಹಗಲಿನ ಕೆಲಸ ರಾತ್ರಿಯ ಕೆಲಸಕ್ಕಿಂತ ಸುಲಭವೇನಲ್ಲ. ಬೇಸಿಗೆಯಲ್ಲಿ ಮೊಟ್ಟೆಗೆ ಕಾವು ಕೊಡುವುದಲ್ಲ, ಕಾವು ತಪ್ಪಿಸಬೇಕು. ಕೆರೆಯ ನಡುವೆ ಉಳಿದಿದ್ದ ನೀರಿಗೆ ಹೋಗಿ ಹೊಟ್ಟೆಯ ಗರಿ ನೆನೆಸಿಕೊಂಡು ಬರಬೇಕು. ಒದ್ದೆ ಗರಿಯನ್ನು ಮೊಟ್ಟೆಯ ಮೇಲೆ ಹರಡಿ ನೆರಳು ಮಾಡಿ ಕೂರಬೇಕು. ಗರಿ ಒಣಗಿದರೆ ಮತ್ತೆ ಹೋಗಬೇಕು. ಆ ಹೊತ್ತಿಗೆ ಟಿಟ್ಟಪ್ಪ ಹುಳ ಹುಡುಕಲು ಹೋಗಿರುತ್ತಿದ್ದ. ಟಿಟ್ಟವ್ವನಿಗೆ ರಾತ್ರಿಯೂ ನಿದ್ದೆ ಇಲ್ಲ, ಹಗಲೂ ನಿದ್ದೆ ಇಲ್ಲ.

ಮೂರು ದಿನ ಏನೂ ಆಗಲಿಲ್ಲ. ನಾಲ್ಕನೆಯ ದಿನ ಅವಳಿಗೆ ಸಿಟ್ಟು ಬರತೊಡಗಿತು. ಟಿಟ್ಟಪ್ಪ ಹುಳ ತಂದರೆ ಸಿಟ್ಟು, ತರದಿದ್ದರೆ ಸಿಟ್ಟು. ಅದುವರೆಗೆ ಗಂಡನಿಗೆ ‘ನೀವು’ ಎನ್ನುತ್ತಿದ್ದವಳು ಅಂದು "ನೀನು ಸುಮ್ನಿರು" ಎಂದಳು. ಅವನು ಮತ್ತೆ ಹುಳ ಹುಡುಕಲು ಹೋದ.

ಐದನೆಯ ದಿನ ಕಣ್ಣ ಸುತ್ತಲೂ ಕೆಂಪಾಯಿತು. ಗಾಳಿ ಹಾದುಹೋಗುವಾಗ ನಿಂತು ಕೇಳಿತು.

"ಟಿಟ್ಟವ್ವಾ, ಕಣ್ಣು ಯಾಕೆ ಹಿಂಗಾಗಿದೆ?"

"ನೀನೇ ಧೂಳು ತುಂಬಿದೀಯಲ್ಲ."

"ನಾನು ಎರಡು ದಿನದಿಂದ ಈ ಕಡೆ ಬಂದೇ ಇಲ್ಲವಲ್ಲಮ್ಮ."

"ಹಂಗಾದ್ರೆ ಕಣ್ಣು ಸರಿಯಾಗೇ ಇದೆ. ನಾನೂ ಸರಿಯಾಗಿದೀನಿ."

ಆರನೆಯ ದಿನ ಮುಂಗುಸಿ ಬಂದಾಗ ಅವಳು ಕೂಗಲಿಲ್ಲ. ಕೂಗಬೇಕು ಎಂದುಕೊಂಡಳು, ಕೂಗಿದೆ ಎಂದೂ ಅಂದುಕೊಂಡಳು. ದನಿ ಹೊರಟಿರಲೇ ಇಲ್ಲ. ದೂರದಿಂದ ನೋಡಿದ ಟಿಟ್ಟಪ್ಪ ಹಾರಿ ಬಂದು ಮುಂಗುಸಿಯನ್ನು ಓಡಿಸಿದ. "ನಾನು ಕೂಗಿದ್ದು ಕೇಳಿಸ್ತಲ್ಲ, ಸದ್ಯ," ಎಂದಳು. ಕಣ್ಣು ತೆರೆದೇ ಇರುತ್ತಿತ್ತು. ಆದರೆ ಆಗಾಗ ಅದರ ಹಿಂದೆ ಯಾರೂ ಇರುತ್ತಿರಲಿಲ್ಲ. ಹೇಗಿದ್ದೀಯ ಎಂದು ಕೇಳಿದವರಿಗೆಲ್ಲ "ಚೆನ್ನಾಗಿದೀನಿ" ಎನ್ನುತ್ತಿದ್ದಳು. ಅದು ಸುಳ್ಳಲ್ಲ. ಅವಳಿಗೆ ನಿಜವಾಗಿಯೂ ಹಾಗೇ ಅನ್ನಿಸುತ್ತಿತ್ತು.

ಎಂಟನೆಯ ದಿನ ನಡುಮಧ್ಯಾಹ್ನ ಅವಳು ಹೊಟ್ಟೆ ನೆನೆಸಿಕೊಂಡು ಬಂದು ಕೂತಳು. ನೀರಿನಲ್ಲಿ ಬಿದ್ದುಕೊಂಡಿದ್ದ ಎಮ್ಮೆ ತಲೆಯೆತ್ತಿ ನೋಡಿತು. ಮತ್ತೆ ನೋಡಿತು.

"ಟಿಟ್ಟವ್ವಾ, ಅಲ್ಲಿ ಏನ್ ಮಾಡ್ತಿದೀಯ?"

"ಕಾಣಲ್ವಾ ಎಮ್ಮಕ್ಕ? ಮೊಟ್ಟೆ ಮೇಲೆ ಕೂತಿದೀನಿ."

"ಮೊಟ್ಟೆ ಈ ಕಡೆ ಇದಾವೆ."

ಟಿಟ್ಟವ್ವ ಎದ್ದು ಕೆಳಗೆ ನೋಡಿದಳು. ನಾಲ್ಕು ಇದ್ದವು. ದುಂಡಗಿದ್ದವು. ಕಪ್ಪು ಕಂದು ಮಚ್ಚೆಯ ಕಲ್ಲುಗಳು. ಒಂದು ಮೊಳ ಆಚೆ ಗುಳಿಯಲ್ಲಿ ಬಿಳಿಯವು ನಾಲ್ಕು ಇದ್ದವು, ಸುಡುವ ಬಿಸಿಲಿನಲ್ಲಿ. ಅವಳು ಇವನ್ನು ನೋಡಿದಳು, ಅವನ್ನು ನೋಡಿದಳು. ಬಹಳ ಹೊತ್ತು ನೋಡಿದಳು.

"ಎರಡೂ ನನ್ನವೇ ಇರಬೇಕು," ಎಂದಳು.

ಎಮ್ಮೆ ಬಯ್ಯಲಿಲ್ಲ. ನೀರಿನಿಂದ ಎದ್ದು ಬಂದು ಗುಳಿಗೆ ಅಡ್ಡವಾಗಿ ನಿಂತಿತು. ಅದರ ನೆರಳು ಬಿಳಿ ಮೊಟ್ಟೆಗಳ ಮೇಲೆ ಬಿತ್ತು, ಮೈಯಿಂದ ಕೆಸರು ನೀರು ತೊಟ್ಟಿಕ್ಕಿತು. ಆ ಬಿಸಿಲಿನಲ್ಲಿ ನೀರು ಬಿಟ್ಟು ಬರುವುದು ಎಮ್ಮೆಗೆ ಸಣ್ಣ ಮಾತಲ್ಲ.

ಟಿಟ್ಟಪ್ಪ ಓಡಿ ಬಂದ. ಒಂದೊಂದೇ ಮೊಟ್ಟೆಯನ್ನು ಕೊಕ್ಕಿನಿಂದ ಮುಟ್ಟಿದ. ಮೂರು ಮೆಲ್ಲಗೆ ತಣಿದವು. ಅಂಚಿನಲ್ಲಿದ್ದ ನಾಲ್ಕನೆಯದು ಮುಟ್ಟಲಾಗದಷ್ಟು ಕಾದಿತ್ತು. ಅವನು ನೇರವಾಗಿ ಓತಿಕ್ಯಾತನ ಬಳಿಗೆ ಹೋದ. ಸಭೆ ಸೇರಿಸಿದ.

"ಇವತ್ತು ರಾತ್ರಿ ಯಾರಾದ್ರೂ ಬನ್ನಿ," ಎಂದ. "ಅವಳು ಮಲಗಬೇಕು. ಇಲ್ಲದಿದ್ರೆ ಉಳಿದ ಮೂರೂ ಹೋಗ್ತಾವೆ."

ಓತಿಕ್ಯಾತ ತಲೆಯಾಡಿಸಿದ.

"ಬರೋದಕ್ಕೇನು, ನನ್ನ ಕಾಲು ಗಿಡ್ಡ," ಎಂದಿತು ಮೊಲ.

"ನನಗೆ ಒಂದೇ ಕಾಲಲ್ಲಿ ನಿಲ್ಲೋ ಅಭ್ಯಾಸ," ಎಂದಿತು ಕೊಕ್ಕರೆ. "ಎರಡೂ ಒಟ್ಟಿಗೆ ಎತ್ತಿದ್ರೆ ತಲೆ ಸುತ್ತುತ್ತೆ."

"ಕಾಲಿದ್ದಿದ್ರೆ ನಾನೇ ಬರ್ತಿದ್ದೆ ನೋಡು," ಎಂದಿತು ಹಾವು.

ಓತಿಕ್ಯಾತ ಅದಕ್ಕೂ ತಲೆಯಾಡಿಸಿದ. ಆಮೆಗೆ ನೆಪವೇ ಬೇಕಿರಲಿಲ್ಲ. ಅಂಗಾತ ಬಿದ್ದರೆ ಮತ್ತೆ ಏಳಲಾಗದು ಎಂಬುದು ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಅದು ಮೊದಲಿನಿಂದಲೂ ಕಟ್ಟಳೆ ಮಾಡುವ ಕಡೆಯೇ ಇತ್ತು.

ಟಿಟ್ಟಪ್ಪ ವಾಪಸು ಬಂದ. "ಯಾರೂ ಬರಲ್ಲ," ಎಂದ.

ಹೊತ್ತು ಮುಳುಗುತ್ತಿತ್ತು. ಟಿಟ್ಟವ್ವ ತನ್ನ ಜಾಗಕ್ಕೆ ಹೊರಟಳು. ನೇರ ನಡೆಯಲಾಗುತ್ತಿರಲಿಲ್ಲ. ಎಮ್ಮೆ ದಾರಿಗೆ ಅಡ್ಡ ನಿಂತಿತು.

"ಪಕ್ಕಕ್ಕೆ ಸರಿ ಎಮ್ಮಕ್ಕ, ಹೊತ್ತಾಯ್ತು."

"ಮಲಗು."

"ಆಕಾಶ?"

"ನೀನು ಮೇಲೆ ಏನು ಹಿಡಿದಿದ್ದೆ ಅಂತ ನಂಗೊತ್ತಿಲ್ಲ. ಕೆಳಗೆ ಏನು ಬಿಟ್ಟೆ ಅಂತ ನೋಡಿದೀನಿ."

ಟಿಟ್ಟವ್ವ ಗುಳಿಯ ಕಡೆ ತಿರುಗಿದಳು. ಮಾತು ಅವಳಿಗೆ ಪೂರ್ತಿ ತಿಳಿಯಲಿಲ್ಲ. ಆದರೂ ಮುಂದೆ ಹೆಜ್ಜೆ ಇಡಲಿಲ್ಲ.

"ನಾನು ಮಲಗಿ, ಅದು ಬಿದ್ದು, ಮೊಟ್ಟೆ ಎಲ್ಲ ಚೂರಾದ್ರೆ?"

"ಬಿದ್ರೆ ಮೊದ್ಲು ನನ್ನ ಬೆನ್ನ ಮೇಲೆ ಬೀಳುತ್ತೆ," ಎಂದಿತು ಎಮ್ಮೆ. "ನಿಂಗಿಂತ ನಾನು ಎತ್ತರ ಇದೀನಲ್ಲ. ಬಿತ್ತು ಅಂತ ಕೂಗ್ತೀನಿ. ಆಗ ಎದ್ದೇಳು."

ಎಮ್ಮೆ ಗುಳಿಯ ಪಕ್ಕದಲ್ಲೇ ನಿಂತಿತು. ಟಿಟ್ಟಪ್ಪ ಮೊಟ್ಟೆಯ ಮೇಲೆ ಕೂತ. ಟಿಟ್ಟವ್ವ ಕಾಲನ್ನು ಹೊಟ್ಟೆಯ ಕೆಳಗೆ ಮಡಚಿದಳು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ನಿದ್ದೆ ಬಂದಿತ್ತು.

ಅಂದು ರಾತ್ರಿ ಕೆರೆಯಂಗಳದಲ್ಲಿ ಯಾರೂ ಕಾಲೆತ್ತಿ ಮಲಗಲಿಲ್ಲ. ಟಿಟ್ಟಪ್ಪ ಕತ್ತು ನೋಯುವವರೆಗೆ ಮೇಲೆ ನೋಡಿದ. ನಕ್ಷತ್ರಗಳು ಎಂದಿನಂತೆ ಪೂರ್ವದಲ್ಲಿ ಹುಟ್ಟಿ, ಎಂದಿನಂತೆ ಪಶ್ಚಿಮಕ್ಕೆ ಇಳಿದವು. ಎಮ್ಮೆ ನಿಂತಲ್ಲೇ ಮೆಲುಕು ಹಾಕಿತು.

ಬೆಳಿಗ್ಗೆ ಕೊಕ್ಕರೆ ಬಂತು. ಮಲಗಿದ್ದವಳನ್ನು ನೋಡಿ, "ಪಾಪ, ರಾತ್ರಿಯೆಲ್ಲ ಹಿಡಿದು ಸುಸ್ತಾಗಿದ್ದಾಳೆ," ಎಂದು ಹೇಳಿ ಹೋಯಿತು.

ಟಿಟ್ಟವ್ವ ಏಳುವಾಗ ನೆತ್ತಿಗೆ ಹೊತ್ತು ಬಂದಿತ್ತು. ಮಲಗಿ ಎದ್ದರೆ ಎಲ್ಲ ಸರಿಯಾಗುತ್ತದೆ ಎಂದು ಟಿಟ್ಟಪ್ಪ ಕಾದಿದ್ದ. ಸರಿಯಾಗಿರಲಿಲ್ಲ. ಅವಳ ತಲೆ ಭಾರ, ಬಾಯಿ ಕಹಿ. ಎದ್ದವಳೇ ಅತ್ತಳು. ಯಾಕೆ ಅಳುತ್ತಿದ್ದೇನೆ ಎಂದು ಅವಳಿಗೆ ತಿಳಿಯಲಿಲ್ಲ.

"ಇಡೀ ರಾತ್ರಿ ಮಲಗಿದ್ನಲ್ಲ! ಇನ್ನೂ ಯಾಕೆ ಹಿಂಗಿದೆ?"

ಅದುವರೆಗೆ ಮಾತಾಡದಿದ್ದ ಕೆರೆ ಆಗ ಮಾತಾಡಿತು. ಬೇಸಿಗೆಯಾದ್ದರಿಂದ ಅದರ ದನಿ ಸಣ್ಣದಾಗಿತ್ತು.

"ನನ್ನ ನೋಡಮ್ಮ. ನಾನು ಯಾವತ್ತಾದ್ರೂ ಒಂದೇ ಮಳೆಗೆ ತುಂಬಿದ್ದುಂಟಾ? ಮೊದಲ ಮಳೆ ಬಿರುಕಿಗೇ ಸರಿಹೋಗುತ್ತೆ. ಎರಡನೆಯದು ಕೆಸರಾಗುತ್ತೆ. ಆಮೇಲೆ ತಾನೇ ನೀರು ನಿಲ್ಲೋದು?"

"ಎಷ್ಟು ದಿನ ಬೇಕು?"

"ಅದು ನಂಗೂ ಗೊತ್ತಿಲ್ಲ. ಹೊತ್ತು ಮುಳುಗಿದಾಗ ಮಲಗು. ಹೊತ್ತು ಹುಟ್ಟಿದಾಗ ಏಳು. ದಿನಾ ಅದೇ ಹೊತ್ತಿಗೆ. ಮಧ್ಯಾಹ್ನ ಗಂಡ ಮೊಟ್ಟೆ ನೋಡ್ಕೊಂಡ್ರೆ ಎಮ್ಮೆ ನೆರಳಲ್ಲಿ ಒಂದು ಗಳಿಗೆ ತಲೆ ಬಾಗಿಸು, ಹೆಚ್ಚು ಬೇಡ. ಮತ್ತೆ ಯಾರಾದ್ರೂ ಹೊಗಳೋದಕ್ಕೆ ಬಂದ್ರೆ ನಿದ್ದೆ ಬಂದಂಗೆ ಮಾಡು."

ಟಿಟ್ಟವ್ವ ಹಾಗೇ ಮಾಡಿದಳು. ಮೊದಲ ಎರಡು ರಾತ್ರಿ ನಡುನಡುವೆ ಬೆಚ್ಚಿಬಿದ್ದು ಕಾಲೆತ್ತಿದಳು. ಟಿಟ್ಟಪ್ಪ ಪ್ರತಿ ಸಲವೂ "ಇದೆ ಕಣೇ, ಮೇಲೇ ಇದೆ" ಎಂದು ಹೇಳಿ ಮಲಗಿಸಿದ. ಮೂರನೆಯ ದಿನ ಹಸಿವಾಯಿತು. ನಾಲ್ಕನೆಯ ದಿನ ಮುಂಗುಸಿ ಬಂದಾಗ ಅವಳ ಕೂಗು ಕೆರೆಯ ಆಚೆ ದಡಕ್ಕೆ ಕೇಳಿಸಿತು. ಐದನೆಯ ದಿನ ಗಂಡನಿಗೆ ಮತ್ತೆ ‘ನೀವು’ ಎಂದಳು.

ಏಳನೆಯ ದಿನ ಬೆಳಿಗ್ಗೆ ಕಲ್ಲು ಕಲ್ಲಾಗಿ ಕಂಡಿತು, ಮೊಟ್ಟೆ ಮೊಟ್ಟೆಯಾಗಿ ಕಂಡಿತು. ಆಗಲೇ ಅವಳು ನಾಲ್ಕನೆಯ ಮೊಟ್ಟೆಯ ಹತ್ತಿರ ಹೋದದ್ದು. ಕೊಕ್ಕಿನಿಂದ ಮೆಲ್ಲಗೆ ತಿರುಗಿಸಿದಳು. ಕಿವಿಯಿಟ್ಟಳು. ತಾನು ಏನನ್ನು ಕಳೆದುಕೊಂಡೆ ಎಂದು ತಿಳಿಯುವುದಕ್ಕೂ ಇಷ್ಟು ದಿನದ ನಿದ್ದೆ ಬೇಕಾಗಿತ್ತು.

"ನೀವು ಯಾಕೆ ಹೇಳಲಿಲ್ಲ?" ಎಂದು ಗಂಡನನ್ನು ಕೇಳಿದಳು.

"ಹೇಳಿದ್ದೆ ಕಣೇ. ಆವತ್ತೇ, ನೀನು ಎದ್ದ ಕೂಡಲೇ ಹೇಳಿದ್ದೆ. ನೀನು ‘ಹೂಂ’ ಅಂದೆ."

ಮೂರು ಮರಿಗಳು ಹೊರಬಂದವು. ನಾಲ್ಕನೆಯದರ ಮೇಲೆ ಅವಳು ಇನ್ನೂ ಎರಡು ದಿನ ಕೂತಳು. ಯಾರೂ ಅವಳನ್ನು ಏಳಿಸಲಿಲ್ಲ. ಆಮೇಲೆ ಅವಳೇ ಎದ್ದಳು.

ಎದ್ದವಳು ಸಭೆಗೆ ಹೋದಳು. ಎಲ್ಲರೂ ಇದ್ದರು.

"ಆವತ್ತಿನಿಂದ ರಾತ್ರಿ ನಾನು ಮಲಗ್ತಿದೀನಿ," ಎಂದಳು. "ಯಾರೂ ಆಕಾಶ ಹಿಡಿದಿಲ್ಲ. ಅದು ಬಿದ್ದಿಲ್ಲ."

ಆಮೆ ಕತ್ತು ಹೊರಗೆ ಚಾಚಿತು. "ಬಿದ್ದಿಲ್ಲ ಅಂದ್ರೆ ಯಾರೋ ಹಿಡಿದಿದ್ದಾರೆ ಅಂತ ಅರ್ಥ," ಎಂದಿತು.

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಕೊಕ್ಕರೆ ಗಂಟಲು ಸರಿಮಾಡಿಕೊಂಡಿತು.

"ಹೇಳ್ಕೋಬಾರ್ದು ಅಂತ ಸುಮ್ನಿದ್ದೆ," ಎಂದಿತು.

ಓತಿಕ್ಯಾತ ತಲೆಯಾಡಿಸಿದ. ಟಿಟ್ಟವ್ವ ಮರಿಗಳ ಹತ್ತಿರ ಹಿಂತಿರುಗಿದಳು.

ನಿದ್ದೆ ಮರಳಿ ಬಂತು, ಆದರೆ ಕಣ್ಣ ಸುತ್ತಲಿನ ಕೆಂಪು ಪೂರ್ತಿ ಹೋಗಲಿಲ್ಲ. ಅಷ್ಟು ಹೊತ್ತು ಕಲ್ಲಿನ ಮೇಲೆ ಕೂತಿದ್ದರಿಂದಲೋ ಏನೋ, ಮುಂದಿನ ಬೇಸಿಗೆಯಲ್ಲಿ ಅವಳಿಟ್ಟ ಮೊಟ್ಟೆಗಳಿಗೆ ಕಲ್ಲಿನದೇ ಬಣ್ಣ, ಕಲ್ಲಿನದೇ ಮಚ್ಚೆ. ಅವಳ ಮಕ್ಕಳಿಗೆ, ಮಕ್ಕಳ ಮಕ್ಕಳಿಗೆ ಕೂಡ ಹಾಗೇ ಆಯಿತು. ಇವತ್ತು ಯಾವ ಕೆರೆಯಂಗಳಕ್ಕೆ ಹೋದರೂ ನೀನು ಟಿಟ್ಟಿಭದ ಕಣ್ಣ ಸುತ್ತ ಆ ಕೆಂಪನ್ನು ನೋಡಬಹುದು. ಈ ಹಕ್ಕಿ ಆಕಾಶ ಬೀಳದಂತೆ ರಾತ್ರಿಯೆಲ್ಲ ಕಾಲೆತ್ತಿ ಮಲಗುತ್ತದೆ ಎಂದು ಪಕ್ಕದಲ್ಲಿರುವ ದೊಡ್ಡವರು ಯಾರಾದರೂ ನಿನಗೆ ಹೇಳಿಯೇ ಹೇಳುತ್ತಾರೆ.

ಟಿಟ್ಟಿಭ ಕಾಲನ್ನು ಹೊಟ್ಟೆಯ ಕೆಳಗೆ ಮಡಚಿಕೊಂಡು ಮಲಗುತ್ತದೆ.