ಬಿಸಿಲುನಾಡಿನ ಕಾವು

ತವರಿನಲ್ಲಿ ಅರ್ಧ ವರ್ಷ ಹಿಮ, ಮೇವು ದುಬಾರಿ ಎಂದು ಚಳಿನಾಡಿನ ಹೆಬ್ಬಾತೊಂದು ಬಿಸಿಲುನಾಡಿನ ಕೆರೆಯಂಚಿಗೆ ಬಂದು ನೆಲೆಸಿತು. ಬೇಸಿಗೆಯಲ್ಲಿ ಮೊಟ್ಟೆಯಿಟ್ಟು, ತನ್ನೂರಿನ ರೂಢಿಯಂತೆ ತುಪ್ಪುಳ ಹೊದಿಸಿ ಬೆಚ್ಚಗೆ ಮುಚ್ಚಿತು.

ನೆರೆಯ ಟಿಟ್ಟಿಭ ಹಕ್ಕಿ ಓಡಿಬಂತು. "ಏನಕ್ಕಾ ಇದು, ಮೊಟ್ಟೆ ಬೇಯಿಸುತ್ತಿದ್ದೀರಾ? ಇಲ್ಲಿ ಕೆರೆ ನೀರಲ್ಲಿ ಹೊಟ್ಟೆ ನೆನೆಸಿಕೊಂಡು ಬಂದು, ಮೊಟ್ಟೆ ತಂಪಾಗುವಂತೆ ಕಾವಿಗೆ ಕೂರಬೇಕು."

"ನಮ್ಮಮ್ಮ ನಮಗೆ ಕಾವು ಕೊಟ್ಟದ್ದೇ ಹೀಗೆ," ಎಂದ ಹೆಬ್ಬಾತು ಮೊಟ್ಟೆ ಮುಟ್ಟಿ ನೋಡಿ ಬೆಚ್ಚಿಬಿದ್ದಿತು. "ತಂಗೀ, ಹೇಗೆ ನೆನೆಸಿಕೊಳ್ಳುವುದು, ತೋರಿಸು."

ನೀರಲ್ಲೇ ಬೆಳೆದ ಆ ದೊಡ್ಡ ಹಕ್ಕಿ, ಈಜಲು ಬಾರದ ಪುಟ್ಟ ಹಕ್ಕಿಯ ಹಿಂದೆ ನಾಚದೆ ನೀರಿಗೆ ನಡೆಯಿತು.

ನಾಲ್ಕು ಮರಿಗಳಾದವು. ಅವನ್ನು ಕೆರೆಗಿಳಿಸುವ ಮೊದಲು ಹೆಬ್ಬಾತು ಟಿಟ್ಟಿಭದ ಮುಂದೆ ನಿಲ್ಲಿಸಿತು. "ನಮಸ್ಕಾರ ಮಾಡಿ. ಇವಳು ನಿಮ್ಮ ಚಿಕ್ಕಮ್ಮ."