ಹರಿದ ತಾವರೆ ಎಲೆ

ಮಕ್ಕಳೇ, ಈ ಕತೆಯನ್ನು ಮೊದಲ ಸಲ ಕೇಳಿದಾಗ ನನ್ನ ಎದೆ ಧಸಕ್ಕೆಂದಿತ್ತು. ಆದರೆ ಇದು ಆಟ ಆಡುವವರ ಕತೆ. ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ಕಾಡಿನ ನಡುವೆ ಒಂದು ಕೊಳವಿತ್ತು. ಅದರ ದಡದ ಬಂಡೆಯ ಮೇಲೆ ದಿನಾ ಬೆಳಗ್ಗೆ ಐವರು ಸೇರುತ್ತಿದ್ದರು: ಆಮೆಯಜ್ಜ, ಅಳಿಲು, ಮೈನಾ, ಮುಂಗುಸಿ, ಮತ್ತೆ ನಿಂಗಿ ಎಂಬ ಪುಟ್ಟ ಕಪ್ಪೆ. ಅವರು ಆಡುತ್ತಿದ್ದುದು ಪಾತ್ರದ ಆಟ. "ಎದುರಿಗೆ ಹಾಳು ಕೋಟೆ ಇದೆ, ಏನು ಮಾಡುತ್ತೀರಿ?" ಎಂದು ಅಜ್ಜ ಕೇಳುವನು. ಉಳಿದವರು ರಾಜನೋ ಕಳ್ಳನೋ ಆಗಿ ಉತ್ತರ ಕೊಡುವರು. ಗೆದ್ದರೋ ಸೋತರೋ ಎಂದು ಐದು ಕವಡೆ ಎಸೆದು ನೋಡುವರು. ಆಟದಲ್ಲಿ ಯಾರಾದರೂ ಸತ್ತರೂ ಅಷ್ಟೇ, ಮೂರು ಕವಡೆ ಅಂಗಾತ ಬಿದ್ದರೆ ಸತ್ತವರು ಎದ್ದು ಕೂರುವರು.

ನಿಂಗಿ ಯಾವಾಗಲೂ ಆನೆ. ದಿನವೆಲ್ಲ ಕೊಕ್ಕರೆಗೆ ಹೆದರಿ, ಹದ್ದಿಗೆ ಹೆದರಿ ಹುಲ್ಲಿನಲ್ಲಿ ಅಡಗುವವಳು ಈ ಬಂಡೆಯ ಮೇಲೆ ಮಾತ್ರ ಎದೆಯುಬ್ಬಿಸಿ ನಡೆಯುತ್ತಿದ್ದಳು.

ಅವರಿಗೊಂದು ಕಟ್ಟಳೆ ಇತ್ತು. ಅಜ್ಜನ ತಲೆಯ ಮೇಲೆ ತಾವರೆ ಎಲೆ ಇರುವಷ್ಟು ಹೊತ್ತು ಅವನು ಹೇಳಿದ್ದೆಲ್ಲ ಆಟ. ಎಲೆ ಕೆಳಗಿಟ್ಟು ಹೇಳಿದರೆ ಅದು ನಿಜ.

ಒಂದು ದಿನ ಅಳಿಲು ಗೊಣಗಿತು. "ಬರೀ ಮಾತಾಯಿತು ಅಜ್ಜ! ಆಟ ಎಂದರೆ ಗೆಲ್ಲಬೇಕು. ಬುದ್ಧಿ ಓಡಿಸಬೇಕು, ಕವಡೆ ಎಸೆಯಬೇಕು."

"ಗೆದ್ದು ಏನು ಕಟ್ಟಿಕೊಳ್ಳುತ್ತೀಯೋ?" ಎಂದಿತು ಮೈನಾ. "ಆಟ ಎಂದರೆ ಕತೆ. ಕೊನೆಗೆ ಕಣ್ಣು ಒದ್ದೆಯಾಗಬೇಕು."

ಮುಂಗುಸಿ ಮೂಗು ಮುರಿಯಿತು. "ಇಬ್ಬರಿಗೂ ಗೊತ್ತಿಲ್ಲ. ಆಟ ನಿಜದ ಹಾಗೇ ಇರಬೇಕು. ಹಾರುವ ಕುದುರೆ ಎಲ್ಲಿಯಾದರೂ ಇದೆಯೇ?"

ಆವತ್ತಿನಿಂದ ಆಟ ಕಡಿಮೆ, ವಾದ ಜಾಸ್ತಿ. ಒಬ್ಬೊಬ್ಬರದೂ ಒಂದೊಂದು ಮತ. ಅಜ್ಜನಿಗೆ ಸಾಕಾಗಿ, "ನಿಂಗಿ, ನಿನ್ನ ಪ್ರಕಾರ ಆಟ ಯಾಕಮ್ಮ?" ಎಂದು ಕೇಳಿದ.

"ನನಗೆ ಅದೆಲ್ಲ ಗೊತ್ತಾಗಲ್ಲ ಅಜ್ಜ. ಇಲ್ಲಿ ನಾನು ಆನೆ. ಅಷ್ಟು ಸಾಕು," ಎಂದಳು ನಿಂಗಿ.

ಅವಳ ಮಾತು ಯಾರಿಗೆ ಬೇಕಿತ್ತು? "ಇನ್ನು ಕತೆ ನಾನು ಹೇಳುತ್ತೇನೆ, ಎಲೆ ಕೊಡು!" ಎಂದು ಅಳಿಲು ಅಜ್ಜನ ತಲೆಯ ಎಲೆಗೆ ಕೈ ಹಾಕಿತು. ಮೈನಾ ಕೊಕ್ಕಿನಲ್ಲಿ ಎಳೆಯಿತು. ಮುಂಗುಸಿ ಹಲ್ಲಿನಲ್ಲಿ ಹಿಡಿಯಿತು. ಎಲೆ ಚರ್‍ರನೆ ಹರಿದು ಮೂರು ಚೂರಾಯಿತು.

"ಇವತ್ತಿಗೆ ಆಟ ಬೇಡ. ನಾಳೆ ಬೇರೆ ಎಲೆ ತರುತ್ತೇನೆ," ಎಂದ ಅಜ್ಜ.

"ಎಲೆ ಯಾಕೆ? ಆಟ ಯಾವುದು, ನಿಜ ಯಾವುದು ಎಂದು ತಿಳಿಯದಷ್ಟು ದಡ್ಡರೇ ನಾವು?" ಎಂದಿತು ಮುಂಗುಸಿ. ಆಶ್ಚರ್ಯ ನೋಡಿ, ಈ ಒಂದು ಮಾತಿಗೆ ಮೂವರೂ ಒಪ್ಪಿದರು! ಅಜ್ಜ ಒಲ್ಲದ ಮನಸ್ಸಿನಿಂದ ಬರಿದಲೆಯಲ್ಲೇ ಕತೆ ಶುರುಮಾಡಿದ. ನಿಂಗಿ ಖುಷಿಯಿಂದ ಬಂಡೆಯ ಅಂಚಿಗೆ ಹೋಗಿ ಆನೆಯಾಗಿ ನಿಂತಳು.

ಆಗಲೇ ನೀರಿನಿಂದ ಒಂದು ತಲೆ ಮೇಲೆದ್ದಿತು.

"ಹಾವು!" ಅಜ್ಜ ಕಿರುಚಿದ. "ನಿಂಗಿ, ಹಿಂದೆ ಹಾವು!"

ಮುಂಗುಸಿ ತಿರುಗಿಯೂ ನೋಡಲಿಲ್ಲ. ಮಕ್ಕಳೇ, ಮುಂಗುಸಿ! "ಇಷ್ಟು ತಂಪಿನಲ್ಲಿ ಹಾವು ಹೊರಗೆ ಬರುತ್ತದೆಯೇ ಅಜ್ಜ? ನಿಜದ ಹಾಗೆ ಹೇಳು," ಎಂದಿತು.

"ಇದು ಆಟವಲ್ಲ ಕಣ್ರೋ! ಓಡು ನಿಂಗಿ!" ನಿಜವೆಂದು ತೋರಿಸಲು ಕೆಳಗಿಡುವ ಎಲೆಯೇ ಅಜ್ಜನ ತಲೆಯ ಮೇಲಿರಲಿಲ್ಲ. ಅವನು ತೆವಳುತ್ತಾ ಅತ್ತ ಹೊರಟ. ಆಮೆಯ ಕಾಲು, ಎಷ್ಟು ದೂರ ಹೋದಾವು?

"ಆಹಾ, ಅಜ್ಜನ ದನಿ ಹೇಗೆ ನಡುಗುತ್ತಿದೆ! ಕತೆ ಎಂದರೆ ಇದು!" ಎಂದು ಮೈನಾ ಕಣ್ಣು ಮುಚ್ಚಿ ತಲೆದೂಗಿತು.

ಅಳಿಲು ಕವಡೆ ಎಸೆಯಿತು. "ನಾಲ್ಕು ಅಂಗಾತ! ಹಾವು ಸತ್ತಿತು!"

ಇನ್ನು ನಿಂಗಿ? ಅವಳು ತಿರುಗಿ ಹಾವನ್ನು ನೋಡಿದಳು. ಒಂದೇ ಒಂದು ಜಿಗಿತಕ್ಕೆ ಹುಲ್ಲು ಸೇರಬಹುದಿತ್ತು. ಆದರೆ ಅಜ್ಜ ಹೇಳುತ್ತಿರುವುದು ಕತೆಯೆಂದೇ, ಕಣ್ಣೆದುರಿನ ಹಾವೂ ಆಟದ್ದೇ ಎಂದು ಅವಳೂ ನಂಬಿದ್ದಳು. ಎದೆಯುಬ್ಬಿಸಿ, "ಆನೆ ಹಾವಿಗೆ ಹೆದರುತ್ತದೆಯೇ?" ಎಂದಳು.

ಗುಳುಂ. ಅಷ್ಟೇ. ನೀರಿನ ಮೇಲೆ ಒಂದು ಉಂಗುರ ಎದ್ದು ಅಳಿಸಿಹೋಯಿತು.

ಮುಂಗುಸಿ ದಡದವರೆಗೆ ನುಗ್ಗಿತು. ಹಾವು ಆಳಕ್ಕೆ ಇಳಿದಾಗಿತ್ತು. ಮೈನಾ ಆಗ ಕಣ್ಣು ತೆರೆದು ಬರಿದಾದ ಬಂಡೆಯ ಅಂಚನ್ನು ನೋಡಿತು. ಕಣ್ಣು ಒದ್ದೆಯಾಗಬೇಕು ಎಂದಿದ್ದು ಅದೇ ಅಲ್ಲವೇ?

ಅಳಿಲು ಮಾತ್ರ ಕವಡೆ ಆರಿಸಿಕೊಂಡಿತು. "ಮೂರು ಬಿದ್ದರೆ ಏಳುತ್ತಾಳೆ... ಅಲ್ವಾ ಅಜ್ಜ? ಮೂರು ಬಿದ್ದರೆ..."

ಅಳಿಲು ಎಸೆಯಿತು. ಐದಕ್ಕೆ ಐದೂ ಅಂಗಾತ. ಅಷ್ಟು ಒಳ್ಳೆಯ ಕವಡೆ ಆ ಬಂಡೆಯ ಮೇಲೆ ಎಂದೂ ಬಿದ್ದಿರಲಿಲ್ಲ. ನಾಲ್ವರೂ ಕೊಳದ ಕಡೆ ನೋಡಿದರು.

ನಿಂಗಿ ಏಳಲಿಲ್ಲ.

ನೀತಿ: ಆಟ ಹೇಗಿರಬೇಕೆಂದು ಎಷ್ಟಾದರೂ ವಾದ ಮಾಡಿ, ಆದರೆ ಜೊತೆಗಾರರನ್ನು ಕಾಯುವ ಕಟ್ಟಳೆಯನ್ನು ವಾದದ ಭರದಲ್ಲಿ ಹರಿಯಬೇಡಿ.