ಪಕ್ಕೂಬಾಯಿಯ ಹುಣ್ಣಿಮೆ ಬನ್ನು

ಟಿಕ್ಕೂರಿನ ಇಗರ್ಜಿಯ ದೊಡ್ಡ ಗಡಿಯಾರ ಕಟ್ಟಿದವನು ನಾನೇ. ಈ ಎರಡು ಕೈಯಿಂದ. ಒಬ್ಬನೇ.

ಸುಳ್ಳು. ಅದನ್ನು ಕಟ್ಟಿದಾಗ ನನ್ನ ಮುತ್ತಜ್ಜನ ಮುತ್ತಜ್ಜನಿಗೂ ಹಾಲುಹಲ್ಲು ಬಂದಿರಲಿಲ್ಲ. ಆದರೆ ಬಾತುಕೋಳಿಯ ವಿಷಯ ನಿಜ. ಮುಕ್ಕಾಲು ನಿಜ. ಹತ್ತಿರ ಬನ್ನಿ ಮಕ್ಕಳೇ, ಈ ಚಹಾದಂಗಡಿಯಲ್ಲಿ ಬೆಂಚು ಬೇಕಾದಷ್ಟಿದೆ, ಹೇಳುತ್ತೇನೆ.

ಟಿಕ್ಕೂರು ಬಹಳ ದೂರ. ಬಹಳ ಚಳಿ. ಅಲ್ಲೊಂದು ಇಗರ್ಜಿ. ಇಗರ್ಜಿ ಅಂದರೆ ಚರ್ಚು. ಚರ್ಚಿನ ಒಳಗೆ ಒಂದು ಗಡಿಯಾರ. ಅದು ಬರೀ ಗಂಟೆ ಹೊಡೆಯುವ ಗಡಿಯಾರ ಅಲ್ಲ. ಅದರ ಮುಖದ ಮೇಲೆ ಆಕಾಶವೇ ಇತ್ತು. ಚಿನ್ನದ ಸೂರ್ಯ ಸುತ್ತುತ್ತಿದ್ದ. ಸಣ್ಣ ಸಣ್ಣ ನಕ್ಷತ್ರಗಳು ಸುತ್ತುತ್ತಿದ್ದವು. ಚೆಂಡಿನಂಥ ಒಬ್ಬ ಚಂದ್ರನೂ ಇದ್ದ. ಅವನ ಒಂದು ಮಗ್ಗುಲು ಕಪ್ಪು. ಒಂದು ಮಗ್ಗುಲು ಬೆಳ್ಳಿ. ಕಪ್ಪು ಕಂಡರೆ ಅಮಾವಾಸ್ಯೆ. ಬೆಳ್ಳಿ ಕಂಡರೆ ಹುಣ್ಣಿಮೆ.

ಟಿಕ್ಕೂರಿನವರಿಗೆ ಆ ಗಡಿಯಾರ ಹೇಳಿದ್ದೇ ಮಾತು. ಗಡಿಯಾರ ಬೆಳಗಾಯಿತು ಅಂದರೆ ಏಳುತ್ತಿದ್ದರು. ಗಡಿಯಾರ ಮಧ್ಯಾಹ್ನ ಅಂದರೆ ಅವರಿಗೆ ಹಸಿವಾಗುತ್ತಿತ್ತು. ಗಡಿಯಾರ ಹುಣ್ಣಿಮೆ ಅಂದರೆ ಬೇಕರಿಯ ಬಸ್ತಿಯಣ್ಣ ಊರಿಗೆಲ್ಲ ಬನ್ನು ಹಂಚುತ್ತಿದ್ದ. ಗುಂಡು ಬನ್ನು. ಬಿಳಿ ಬನ್ನು. ಮೇಲೆ ಸಕ್ಕರೆ. ಎಲ್ಲರಿಗೂ ಒಂದೊಂದು. ಕೆರೆಯ ಬಾತುಕೋಳಿ ಪಕ್ಕೂಬಾಯಿಗೂ ಒಂದು.

ಒಂದು ಸಂಜೆ ಕೆರೆಯ ಆಚೆಯಿಂದ ಚಂದ್ರ ಎದ್ದ. ಗುಂಡಗೆ ಎದ್ದ. ತುಂಬಿ ಎದ್ದ. ಪಕ್ಕೂಬಾಯಿ ನೋಡಿದಳು. ನೀರಲ್ಲೂ ನೋಡಿದಳು. ಅವನ ಸುತ್ತ ಒಂದು ಸುತ್ತು ಈಜಿಯೂ ಬಂದಳು. ಆಮೇಲೆ ಕೊಕ್ಕು ತೆರೆದುಕೊಂಡು ಬೇಕರಿಗೆ ಹೋದಳು.

ಬಸ್ತಿಯಣ್ಣ ಬಾಗಿಲು ಹಾಕುತ್ತಿದ್ದ.

"ಬಸ್ತಿಯಣ್ಣ, ನನ್ನ ಬನ್ನು?"

"ಯಾವ ಬನ್ನು?"

"ಹುಣ್ಣಿಮೆ ಬನ್ನು."

"ಹುಣ್ಣಿಮೆ ಎಲ್ಲಿ ಬಂತು ಬಾಯಿ? ಗಡಿಯಾರದ ಚಂದ್ರ ಇನ್ನೂ ಕಪ್ಪಗಿದ್ದಾನೆ."

"ಮೇಲೆ ನೋಡು, ಮೇಲೆ."

"ಮೇಲೆ ಏನಿದೆ? ಆಕಾಶ. ಆಕಾಶವನ್ನು ಯಾರು ನೋಡಿಕೊಳ್ಳುತ್ತಾರೆ? ಯಾರೂ ಇಲ್ಲ. ಗಡಿಯಾರವನ್ನು ನೋಡಿಕೊಳ್ಳಲು ಲೋರೆನ್ಸ ಮಾಮ ಇದ್ದಾನೆ. ನಾನು ಯಾವುದನ್ನು ನಂಬಲಿ? ಗಡಿಯಾರದ ಚಂದ್ರ ತಿರುಗಲಿ. ಆಮೇಲೆ ಬನ್ನು."

ಬಾಗಿಲು ಹಾಕಿಕೊಂಡಿತು.

ಪಕ್ಕೂಬಾಯಿಗೆ ಸಿಟ್ಟು ಬಂತು. ಕಾಲಿನಿಂದ ಬಂತು. ಕುತ್ತಿಗೆಗೆ ಬಂತು. ಕುತ್ತಿಗೆ ಉದ್ದವಲ್ಲವಾ, ಕೊಕ್ಕಿಗೆ ಬರಲು ಸ್ವಲ್ಪ ಹೊತ್ತಾಯಿತು.

"ಚಂದ್ರ ತಿರುಗದೆ ನನಗೆ ಬನ್ನು ಇಲ್ಲವಂತೆ. ಇದ್ಯಾವ ನ್ಯಾಯ?"

ಕೊಕ್ಕು ಮೇಲೆ. ಬಾಲ ಆಚೆ, ಬಾಲ ಈಚೆ. ಪಚಪಚ ಪಚಪಚ ಇಗರ್ಜಿಗೆ ಹೋದಳು. ಗಡಿಯಾರದ ಮುಂದೆ ನಿಂತಳು.

"ಏ ಚಂದ್ರ, ತಿರುಗು."

"ನಾನಾಗಿ ತಿರುಗೋದಿಲ್ಲ ಬಾಯಿ," ಅಂದ ಗಡಿಯಾರದ ಚಂದ್ರ. "ನನಗೊಂದು ಹಗ್ಗ ಇದೆ. ಸೂರ್ಯನ ಹಗ್ಗ ಬೇರೆ, ನನ್ನ ಹಗ್ಗ ಬೇರೆ. ಲೋರೆನ್ಸ ಮಾಮ ಅದನ್ನು ಎಳೆಯಬೇಕು. ಕಪ್ಪು ಮುಖ ತೋರಿಸಿ ತೋರಿಸಿ ನನಗೂ ಸಾಕಾಗಿದೆ."

"ಹಗ್ಗ ಎಳೆಯದೆ ಚಂದ್ರ ತಿರುಗೋದಿಲ್ಲವಂತೆ.
ಚಂದ್ರ ತಿರುಗದೆ ನನಗೆ ಬನ್ನು ಇಲ್ಲವಂತೆ.
ಇದ್ಯಾವ ನ್ಯಾಯ?"

ಕೊಕ್ಕು ಮೇಲೆ. ಬಾಲ ಆಚೆ, ಬಾಲ ಈಚೆ. ಪಚಪಚ ಪಚಪಚ ಗಡಿಯಾರದ ಹಿಂದಕ್ಕೆ ಹೋದಳು.

ಅಲ್ಲಿ ಲೋರೆನ್ಸ ಮಾಮ ಇದ್ದ. ದಪ್ಪ ಮನುಷ್ಯ. ಅಲ್ಲ, ಸಣಕಲು ಮನುಷ್ಯ. ಮೀಸೆ ಮಾತ್ರ ದಪ್ಪ. ಅವನು ಸ್ಟೂಲಿನ ಮೇಲೆ ನಿಂತಿದ್ದ. ಪ್ಯಾಂಟನ್ನು ಮೊಣಕಾಲಿನ ತನಕ ಎತ್ತಿ ಹಿಡಿದಿದ್ದ.

"ಮಾಮ, ಚಂದ್ರನ ಹಗ್ಗ ಎಳಿ."

"ಎಳೆಯೋದಿಲ್ಲ. ಹಗ್ಗದ ಮೇಲೆ ಇಲಿ ಕೂತಿದೆ."

"ಇಲಿಗೆ ಹೆದರುತ್ತೀಯಾ?"

"ಯಾರು ಹೇಳಿದ್ದು? ನನಗೆ ಹೆದರಿಕೆ ಇಲ್ಲ. ಅದನ್ನು ಕಂಡರೆ ನನಗೆ ಆಗೋದಿಲ್ಲ, ಅಷ್ಟೇ. ಬಾಗಿಲು ತೆರೆದೇ ಇದೆ. ನೀನೇ ಹೋಗಿ ಎಬ್ಬಿಸು. ಇಲಿ ಏಳಲಿ, ಹಗ್ಗ ಎಳೆಯುತ್ತೇನೆ."

"ಇಲಿ ಏಳದೆ ಮಾಮ ಹಗ್ಗ ಎಳೆಯೋದಿಲ್ಲವಂತೆ.
ಹಗ್ಗ ಎಳೆಯದೆ ಚಂದ್ರ ತಿರುಗೋದಿಲ್ಲವಂತೆ.
ಚಂದ್ರ ತಿರುಗದೆ ನನಗೆ ಬನ್ನು ಇಲ್ಲವಂತೆ.
ಇದ್ಯಾವ ನ್ಯಾಯ?"

ಕೊಕ್ಕು ಮೇಲೆ. ಬಾಲ ಆಚೆ, ಬಾಲ ಈಚೆ. ಪಚಪಚ ಪಚಪಚ ಗಡಿಯಾರದ ಹೊಟ್ಟೆಯೊಳಗೆ ಹೋದಳು.

ಒಳಗೆ ಹಲ್ಲಿನ ಚಕ್ರ. ಹಲ್ಲಿನ ಚಕ್ರದ ಪಕ್ಕ ಹಲ್ಲಿನ ಚಕ್ರ. ಚಂದ್ರನ ಹಗ್ಗದ ಮೇಲೆ ಇಲಿ. ಹಗ್ಗ ಸವೆಯದಿರಲಿ ಅಂತ ಅದಕ್ಕೆ ಕೊಬ್ಬು ಸವರಿದ್ದರು. ಇಲಿ ಕಣ್ಣು ಮುಚ್ಚಿಕೊಂಡು ಅದನ್ನು ನೆಕ್ಕುತ್ತಿತ್ತು.

"ಏಳು," ಅಂದಳು ಪಕ್ಕೂಬಾಯಿ.

"ಯಾಕೆ? ಸವರುವವರು ಅವರು, ನೆಕ್ಕುವವನು ನಾನು. ಕೆಲಸ ಹಂಚಿಕೊಂಡಿದ್ದೇವೆ."

"ಏಳು ಅಂದೆ."

"ಬಾತುಕೋಳಿ ಹೇಳಿದರೆ ಇಲಿ ಏಳೋದಿಲ್ಲ. ಬೆಕ್ಕು ಬಂದರೆ ಏಳುತ್ತೇನೆ. ಅದೂ ಮನಸ್ಸಿದ್ದಲ್ಲ, ಓಡಲೇಬೇಕಲ್ಲ ಅಂತ."

"ಬೆಕ್ಕು ಬರದೆ ಇಲಿ ಏಳೋದಿಲ್ಲವಂತೆ.
ಇಲಿ ಏಳದೆ ಮಾಮ ಹಗ್ಗ ಎಳೆಯೋದಿಲ್ಲವಂತೆ.
ಹಗ್ಗ ಎಳೆಯದೆ ಚಂದ್ರ ತಿರುಗೋದಿಲ್ಲವಂತೆ.
ಚಂದ್ರ ತಿರುಗದೆ ನನಗೆ ಬನ್ನು ಇಲ್ಲವಂತೆ.
ಇದ್ಯಾವ ನ್ಯಾಯ?"

ಕೊಕ್ಕು ಮೇಲೆ. ಬಾಲ ಆಚೆ, ಬಾಲ ಈಚೆ. ಪಚಪಚ ಪಚಪಚ ಬೆಕ್ಕಿನ ಹತ್ತಿರ ಹೋದಳು.

ಬೆಕ್ಕು ಇಗರ್ಜಿಯ ಬೆಂಚಿನ ಮೇಲೆ ಕೂತಿತ್ತು. ದೊರೆಸಾನಿ ಥರ ಕೂತಿತ್ತು.

"ಬೆಕ್ಕಮ್ಮ, ಗಡಿಯಾರದೊಳಗೆ ಇಲಿ ಇದೆ. ಬಾ."

"ಗೊತ್ತು. ಇಲ್ಲಿಂದಲೇ ವಾಸನೆ ಬರುತ್ತಿದೆ. ಆದರೆ ಹೇಗೆ ಬರಲಿ? ಗಡಿಯಾರದ ಬಾಗಿಲಲ್ಲಿ ನಮಗೆ ಅಂತ ಒಂದು ಕಂಡಿ ಕೊರೆದಿದ್ದರು. ದುಂಡು ಕಂಡಿ. ನನ್ನ ಅಜ್ಜಿ ಅದರಲ್ಲಿ ಹೋದಳು. ನನ್ನ ಅಮ್ಮ ಅದರಲ್ಲಿ ಹೋದಳು. ಈಗ ಅದರ ಮೇಲೆ ಹಲಗೆ ಇಟ್ಟು ಮೊಳೆ ಹೊಡೆದಿದ್ದಾರೆ."

"ಬಾಗಿಲೇ ತೆರೆದಿದೆಯಲ್ಲ. ಬಾಗಿಲಲ್ಲಿ ಹೋಗು."

"ಬಾಗಿಲಲ್ಲಿ ಕಂಡಕಂಡವರೆಲ್ಲ ಹೋಗುತ್ತಾರೆ," ಅಂದಿತು ಬೆಕ್ಕು. "ನಾನು ಹೋದರೆ ನನ್ನ ಕಂಡಿಯಲ್ಲೇ. ಬಡಗಿ ಜುಜೆ ಮೊಳೆ ಕೀಳಲಿ."

ಪಕ್ಕೂಬಾಯಿಗೆ ಒಂದು ಕ್ಷಣ ಉಸಿರೇ ನಿಂತಿತು. ಆಮೇಲೆ ಬಂತು, ಜೋರಾಗಿ ಬಂತು.

"ಮೊಳೆ ಕೀಳದೆ ಬೆಕ್ಕು ಬರೋದಿಲ್ಲವಂತೆ.
ಬೆಕ್ಕು ಬರದೆ ಇಲಿ ಏಳೋದಿಲ್ಲವಂತೆ.
ಇಲಿ ಏಳದೆ ಮಾಮ ಹಗ್ಗ ಎಳೆಯೋದಿಲ್ಲವಂತೆ.
ಹಗ್ಗ ಎಳೆಯದೆ ಚಂದ್ರ ತಿರುಗೋದಿಲ್ಲವಂತೆ.
ಚಂದ್ರ ತಿರುಗದೆ ನನಗೆ ಬನ್ನು ಇಲ್ಲವಂತೆ.
ಇದ್ಯಾವ ನ್ಯಾಯ?"

ಕೊಕ್ಕು ಮೇಲೆ. ಬಾಲ ಆಚೆ, ಬಾಲ ಈಚೆ. ಪಚಪಚ ಪಚಪಚ ಬಡಗಿ ಜುಜೆಯ ಮನೆಗೆ ಹೋದಳು.

ಜುಜೆ ಒಂದು ಕುರ್ಚಿಗೆ ಕಾಲು ಕೂರಿಸುತ್ತಿದ್ದ. ಬಾಯಿ ತುಂಬ ಮೊಳೆ.

"ಜುಜೆ, ಬೆಕ್ಕಿನ ಕಂಡಿಗೆ ಮೊಳೆ ಹೊಡೆದವನು ನೀನಾ?"

"ಹ್ಞೂಂ."

"ಯಾಕೆ ಹೊಡೆದೆ?"

ಜುಜೆ ಬಾಯಿಂದ ಮೊಳೆ ತೆಗೆದ. "ದೊಡ್ಡ ಪಾದ್ರಿಗಳು ಹೊಡೆ ಅಂದರು, ಹೊಡೆದೆ. ಯಾಕೆ ಅಂತ ಕೇಳೋದು ನನ್ನ ಕೆಲಸ ಅಲ್ಲ."

"ಹಾಗಾದರೆ ಈಗ ಕೀಳು."

"ಪಾದ್ರಿಗಳು ಕೀಳು ಅಂದರೆ ಕೀಳುತ್ತೇನೆ. ನೀನು ಅಂದರೆ ಕೀಳೋದಿಲ್ಲ. ನೀನು ಬಾತುಕೋಳಿ."

"ಅದು ನನಗೂ ಗೊತ್ತು," ಅಂದಳು ಪಕ್ಕೂಬಾಯಿ.

"ಅಪ್ಪಣೆ ಇಲ್ಲದೆ ಜುಜೆ ಮೊಳೆ ಕೀಳೋದಿಲ್ಲವಂತೆ.
ಮೊಳೆ ಕೀಳದೆ ಬೆಕ್ಕು ಬರೋದಿಲ್ಲವಂತೆ.
ಬೆಕ್ಕು ಬರದೆ ಇಲಿ ಏಳೋದಿಲ್ಲವಂತೆ.
ಇಲಿ ಏಳದೆ ಮಾಮ ಹಗ್ಗ ಎಳೆಯೋದಿಲ್ಲವಂತೆ.
ಹಗ್ಗ ಎಳೆಯದೆ ಚಂದ್ರ ತಿರುಗೋದಿಲ್ಲವಂತೆ.
ಚಂದ್ರ ತಿರುಗದೆ ನನಗೆ ಬನ್ನು ಇಲ್ಲವಂತೆ.
ಇದ್ಯಾವ ನ್ಯಾಯ?"

ಕೊಕ್ಕು ಮೇಲೆ. ಬಾಲ ಆಚೆ, ಬಾಲ ಈಚೆ. ಪಚಪಚ ಪಚಪಚ ದೊಡ್ಡ ಪಾದ್ರಿಗಳ ಮನೆಗೆ ಹೋದಳು.

ದೊಡ್ಡ ಪಾದ್ರಿಗಳು ದೊಡ್ಡ ಕುರ್ಚಿಯಲ್ಲಿ ಕೂತಿದ್ದರು. ಕಾಲಿಗೆ ಕಂಬಳಿ ಸುತ್ತಿಕೊಂಡಿದ್ದರು. ಒಳ್ಳೆಯ ಮನುಷ್ಯ. ಇರುವೆಯನ್ನೂ ಬೈದವರಲ್ಲ.

"ಪಾದ್ರಿಗಳೇ, ಬೆಕ್ಕಿನ ಕಂಡಿ ಯಾಕೆ ಮುಚ್ಚಿಸಿದಿರಿ?"

"ಆ ಕಂಡಿಯಿಂದ ಗಾಳಿ ಬರುತ್ತಿತ್ತು ಬಾಯಿ. ನಾನು ಪೂಜೆಗೆ ನಿಂತಾಗ ಸೀದಾ ನನ್ನ ಕಾಲಿಗೆ ಬರುತ್ತಿತ್ತು. ಚಳಿ."

"ಅದನ್ನು ತೆಗೆಸಿ. ಅಪ್ಪಣೆ ಕೊಡಿ."

"ಕೊಡುತ್ತೇನೆ. ಅದಕ್ಕೇನು? ಹುಣ್ಣಿಮೆ ದಿನ ಬಾ. ನಾನು ಅಪ್ಪಣೆ ಕೊಡುವುದು ಹುಣ್ಣಿಮೆಗೆ."

"ಇವತ್ತೇ ಹುಣ್ಣಿಮೆ."

"ಗಡಿಯಾರದ ಚಂದ್ರ ಬೆಳ್ಳಗಾಗಿದ್ದಾನಾ?"

"ಇಲ್ಲ."

"ಹಾಗಾದರೆ ಹುಣ್ಣಿಮೆ ಅಲ್ಲ," ಅಂದರು ಪಾದ್ರಿಗಳು. ಕಂಬಳಿ ಸರಿ ಮಾಡಿಕೊಂಡರು.

ಪಕ್ಕೂಬಾಯಿಯ ಕೊಕ್ಕು ಕೆಳಗಿಳಿಯಿತು. ಇನ್ನು ಯಾರ ಹತ್ತಿರ ಹೋಗಬೇಕು? ಊರು ಮುಗಿಯಿತು. ಹೊರಟಲ್ಲಿಗೇ ಬಂದು ನಿಂತ ಹಾಗಾಯಿತು. ಕಿಟಕಿಯ ಹೊರಗೆ ಚಂದ್ರ, ಗುಂಡಗೆ, ಬೆಳ್ಳಗೆ. ಇಷ್ಟು ದೊಡ್ಡ ಚಂದ್ರ ಯಾರ ಕಣ್ಣಿಗೂ ಕಾಣುತ್ತಿಲ್ಲ.

ಅವಳು ರೆಕ್ಕೆ ಬಿಚ್ಚಿದಳು. ಹಾರಿ ಪಾದ್ರಿಗಳ ಮೇಜಿನ ಮೇಲೆ ಕೂತಳು. ಅವರ ಮೂಗಿನ ಮುಂದೆ ಕೊಕ್ಕು ತಂದಳು.

"ಕೇಳಿ ಪಾದ್ರಿಗಳೇ.
ಹುಣ್ಣಿಮೆ ಬರದೆ ನೀವು ಅಪ್ಪಣೆ ಕೊಡೋದಿಲ್ಲವಂತೆ.
ಅಪ್ಪಣೆ ಇಲ್ಲದೆ ಜುಜೆ ಮೊಳೆ ಕೀಳೋದಿಲ್ಲವಂತೆ.
ಮೊಳೆ ಕೀಳದೆ ಬೆಕ್ಕು ಬರೋದಿಲ್ಲವಂತೆ.
ಬೆಕ್ಕು ಬರದೆ ಇಲಿ ಏಳೋದಿಲ್ಲವಂತೆ.
ಇಲಿ ಏಳದೆ ಮಾಮ ಹಗ್ಗ ಎಳೆಯೋದಿಲ್ಲವಂತೆ.
ಹಗ್ಗ ಎಳೆಯದೆ ಚಂದ್ರ ತಿರುಗೋದಿಲ್ಲವಂತೆ.
ಚಂದ್ರ ತಿರುಗದೆ ಊರಲ್ಲಿ ಯಾರಿಗೂ ಬನ್ನು ಇಲ್ಲವಂತೆ."

ಪಾದ್ರಿಗಳು ತಲೆ ಆಡಿಸುತ್ತಿದ್ದರು. ಆಡಿಸುತ್ತಿದ್ದ ತಲೆ ನಿಂತಿತು.

"ತಾಳು ಬಾಯಿ. ಯಾರಿಗೂ?"

"ಯಾರಿಗೂ."

"ನನಗೂ?"

"ನಿಮಗೂ."

"ನನ್ನದು ದ್ರಾಕ್ಷಿ ಹಾಕಿದ್ದು."

"ದ್ರಾಕ್ಷಿ ಹಾಕಿದ್ದೂ ಇಲ್ಲ."

ಪಾದ್ರಿಗಳು ಕಂಬಳಿ ಬಿಸಾಡಿದರು. ಎದ್ದು ನಿಂತರು. ಅವರ ಮುಖ ಕೆಂಪಾಯಿತು. ಕಿವಿ ಇನ್ನೂ ಕೆಂಪಾಯಿತು.

"ಇದ್ಯಾವ ನ್ಯಾಯ?" ಅಂದರು ಪಾದ್ರಿಗಳು.

ಒಂದೇ ಕಾಲಿಗೆ ಚಪ್ಪಲಿ ಸಿಕ್ಕಿತು. ಒಂದೇ ಚಪ್ಪಲಿಯಲ್ಲಿ ಓಡಿದರು. ಹಿಂದೆ ಪಕ್ಕೂಬಾಯಿ. ಪಚಪಚ ಪಚಪಚ.

ಪಾದ್ರಿಗಳು ಅಪ್ಪಣೆ ಕೊಟ್ಟರು.
ಅಪ್ಪಣೆ ಕೊಟ್ಟರು, ಜುಜೆ ಮೊಳೆ ಕಿತ್ತ.
ಮೊಳೆ ಕಿತ್ತ, ಬೆಕ್ಕು ಬಂತು. ಕಂಡಿಯಲ್ಲೇ ಬಂತು, ಬಾಲ ನೆಟ್ಟಗೆ ಮಾಡಿಕೊಂಡು.
ಬೆಕ್ಕು ಬಂತು, ಇಲಿ ಎದ್ದಿತು. ಎದ್ದಿತು, ಓಡಿತು, ಆಮೇಲೆ ಯಾರೂ ಅದನ್ನು ನೋಡಲಿಲ್ಲ.
ಇಲಿ ಎದ್ದಿತು, ಮಾಮ ಸ್ಟೂಲಿನಿಂದ ಇಳಿದ. ಹಗ್ಗ ಎಳೆದ.
ಹಗ್ಗ ಎಳೆದ, ಚಕ್ರ ತಿರುಗಿತು. ಚಂದ್ರ ತಿರುಗಿದ. ಕಪ್ಪು ಹೋಯಿತು. ಬೆಳ್ಳಿ ಬಂತು.
ಬೆಳ್ಳಿ ಬಂತು, ಬಸ್ತಿಯಣ್ಣ ಬಾಗಿಲು ತೆಗೆದ. ಒಲೆ ಹಚ್ಚಿದ. ಬನ್ನು ಸುಟ್ಟ. ಊರಿಗೆಲ್ಲ ಕೊಟ್ಟ.

ಪಾದ್ರಿಗಳಿಗೆ ದ್ರಾಕ್ಷಿ ಹಾಕಿದ್ದು. ಪಕ್ಕೂಬಾಯಿಗೆ ಸಕ್ಕರೆ ಹಾಕಿದ್ದು. ಗುಂಡು ಬನ್ನು. ಬಿಳಿ ಬನ್ನು. ಬಿಸಿ ಬನ್ನು.

ಊರಿನವರೆಲ್ಲ ಬನ್ನು ಹಿಡಿದುಕೊಂಡು ಹೊರಗೆ ಬಂದರು. ಆಗ ತಲೆ ಎತ್ತಿ ಮೇಲೆ ನೋಡಿದರು. ಅಲ್ಲಿ ಚಂದ್ರ.

"ಸದ್ಯ," ಅಂದ ಬಸ್ತಿಯಣ್ಣ. "ಆಕಾಶವೂ ಸರಿಹೋಯಿತು."

ಪಕ್ಕೂಬಾಯಿಗೆ ಹೇಳುವುದು ಬಹಳ ಇತ್ತು. ಬಹಳ ಅಂದರೆ ಬಹಳ. ಆದರೆ ಕೊಕ್ಕಿನಲ್ಲಿ ಬನ್ನು ಇತ್ತು. ಕೊಕ್ಕು ತೆರೆದರೆ ಬನ್ನು ಬೀಳುತ್ತದೆ. ಬಸ್ತಿಯಣ್ಣನನ್ನು ನೋಡಿದಳು. ಬನ್ನು ನೋಡಿದಳು. ಕೊಕ್ಕು ಗಟ್ಟಿಯಾಗಿ ಮುಚ್ಚಿಕೊಂಡಳು. ಕೆರೆಗೆ ಹೋದಳು. ಸಿಟ್ಟಿನಲ್ಲೇ ತಿಂದಳು, ಒಂದು ಚೂರೂ ಮೀನಿಗೆ ಬಿಡದೆ.

ಪಾದ್ರಿಗಳು ಮರುದಿನದಿಂದ ಕಾಲಿಗೆ ದಪ್ಪ ಕಾಲುಚೀಲ ಹಾಕಿಕೊಂಡರು. ಅಷ್ಟು ಮೊದಲೇ ಮಾಡಿದ್ದರೆ ಆಗುತ್ತಿತ್ತು.

ಇಷ್ಟೇ. ಬಾತುಕೋಳಿಗೆ ಹೊಟ್ಟೆ ತುಂಬಿತು. ನನಗೆ ಬಾಯಿ ಒಣಗಿತು. ಏನು ಹಾಗೆ ನೋಡುತ್ತೀರಿ? ಹೋಗಿ, ಆ ಮೂಲೆಯಲ್ಲಿ ಪೇಪರ್ ಹಿಂದೆ ಅಡಗಿ ಕೂತಿದ್ದಾರಲ್ಲ ನಿಮ್ಮ ಮಾಮ, ಅವರೂ ಕಥೆ ಪೂರ್ತಿ ಕೇಳಿದ್ದಾರೆ, ನಾನು ನೋಡಿದ್ದೇನೆ. ನನ್ನ ಚಹಾದ ದುಡ್ಡು ಅವರೇ ಕೊಡಬೇಕಂತೆ ಅಂತ ಹೇಳಿ.